ಸ್ಟಾರ್ಟ್ ಆಗ್ಲಿಲ್ಲಪ್ಪಾ

ಮೂರು ಸಲ ಸೋಪು ಹಾಕಿ ಉಜ್ಜಿದರೂ ಉಗುರು ಸಂದಿಯ ಕಪ್ಪು ಹೋಗಿಲ್ಲ. ಸಿಟ್ಟಂತೂ ಇನ್ನೂ ಸ್ವಲ್ಪವೂ ಇಳಿದಿಲ್ಲ.

ಮೆಕ್ಯಾನಿಕ್ ಬಾನೆಟ್ ಕೂಡ ಎತ್ತದೆ, ಹಿಂದಿನ ನೀಲಿ ಹೊಗೆ ನೋಡಿಯೇ "ಪಿಸ್ಟನ್ ರಿಂಗ್ ಹೋಗಿದೆ ಸರ್, ಎಂಜಿನ್ ಬಿಚ್ಚಬೇಕು" ಅಂದಿದ್ದ. ಅರ್ಧ ನಿಮಿಷದಲ್ಲಿ! ಅಷ್ಟು ಸುಲಭಕ್ಕೆ ಒಪ್ಪಿಕೊಳ್ಳುವ ಜಾತಿಯೇ ನಾನು? ಪಿಸ್ಟನ್ ಗಾಳಿಯನ್ನು ಅದುಮುವ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ತಂದೆ.

ಎಂಜಿನ್ ಬೆಚ್ಚಗಿರಬೇಕಂತೆ. ಬೆಚ್ಚಗೆ ಮಾಡಿ ಕೈ ಸುಟ್ಟುಕೊಂಡೆ. ನಾಲ್ಕೂ ಪ್ಲಗ್ ಬಿಚ್ಚಿದೆ, ಕಾಯಿಲ್ ವೈರು ಕಿತ್ತೆ, ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು ಭದ್ರವಾಗಿ ಜೇಬಿಗೆ ಹಾಕಿಕೊಂಡೆ. ಇನ್ನು ಒಬ್ಬರು ಒಳಗೆ ಕೂತು ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ಮನೆಯಲ್ಲಿ ಬಿಡುವಾಗಿದ್ದವರು ಮಾವ ಒಬ್ಬರೇ.

ಈ ಕಾರು ಮೊದಲು ಅವರದೇ. ಕಣ್ಣು ಮಂಜಾದ ಮೇಲೆ ಅವರು ಸ್ಟೀರಿಂಗ್ ಮುಟ್ಟಿರಲಿಲ್ಲ. ಕೂತವರೇ ಸೀಟು ಮುಂದೆ ಎಳೆದುಕೊಂಡರು, ಬೆಲ್ಟ್ ಹಾಕಿಕೊಂಡರು, ಎಲ್ಲಿಗೂ ಹೋಗದ ಕಾರಿನ ಕನ್ನಡಿ ಸರಿಮಾಡಿಕೊಂಡರು. ನಾನು ಏನೂ ಅನ್ನಲಿಲ್ಲ, ಮೊದಲನೇ ಸಿಲಿಂಡರಿನ ಪ್ಲಗ್ ತೂತಿಗೆ ಗೇಜ್ ಸಿಕ್ಕಿಸಿದೆ.

"ಹೊಡೀರಿ ಮಾವ!"

ಚಫ್ ಚಫ್ ಚಫ್. ಮುಳ್ಳು 90 ಪಿಎಸ್‌ಐಗೆ ನಿಂತಿತು.

"ಸ್ಟಾರ್ಟ್ ಆಗ್ಲಿಲ್ಲಪ್ಪಾ."

"ಆಗಲ್ಲ ಮಾವ, ಪ್ಲಗ್ಗೇ ಇಲ್ಲ."

ಎರಡನೆಯದು 85. "ಈಗ್ಲೂ ಆಗ್ಲಿಲ್ಲಪ್ಪಾ." ಮೂರನೆಯದು ಇನ್ನೂ ಕಡಿಮೆ. "ಬ್ಯಾಟರಿ ಇರಬಹುದಾ?" ನಾಲ್ಕನೆಯದಕ್ಕೆ ಅವರು ಮಾತೇ ಆಡಲಿಲ್ಲ, ಸಾವಿನ ಮನೆಗೆ ಬಂದವರ ಹಾಗೆ ಕಿಟಕಿಯಿಂದ ನನ್ನನ್ನೇ ನೋಡಿದರು.

ನನಗೂ ಅಳು ಬರುವಂತಿತ್ತು. ಒಳ್ಳೆ ಪೆಟ್ರೋಲ್ ಎಂಜಿನ್ 125ರಿಂದ 180ರ ನಡುವೆ ತೋರಿಸಬೇಕು. ನಾಲ್ಕೂ ಒಟ್ಟಿಗೆ ಕೈಕೊಡುವುದೆಂದರೇನು? ಅನುಮಾನ ಬಂದು ಬಾಗಿಲಿನ ಕೆಳಗೆ ಇಣುಕಿದೆ. ಮಾವನ ಪಾದ ಮ್ಯಾಟಿನ ಮೇಲೆ ಹಾಯಾಗಿ ಮಲಗಿತ್ತು.

"ಆಕ್ಸಿಲರೇಟರ್ ಒತ್ತಲಿಲ್ವಾ?"

"ಒತ್ತಿ ಸ್ಟಾರ್ಟ್ ಮಾಡಬಾರದಪ್ಪಾ. ನಾನು ಒಂದು ದಿನಾನೂ ಹಾಗೆ ಮಾಡಿದವನಲ್ಲ."

ಥ್ರಾಟಲ್ ಮುಚ್ಚಿದ್ದರೆ ಒಳಗೆ ಗಾಳಿಯೇ ಸರಿಯಾಗಿ ಹೋಗುವುದಿಲ್ಲ. ಇಲ್ಲದ ಗಾಳಿಯನ್ನು ಪಿಸ್ಟನ್ ಏನಂತ ಅದುಮೀತು? ಇದನ್ನೆಲ್ಲ ಕೈಮುಗಿದು ವಿವರಿಸಿದೆ. ಒಪ್ಪಲಿಲ್ಲ, ಆದರೆ ಒತ್ತಿದರು, ಮುಖ ಕಿವುಚಿಕೊಂಡು, ಕಾರಿಗೆ ನೋಯುತ್ತದೇನೋ ಎಂಬಂತೆ.

165, 160, ನಾಲ್ಕನೆಯದು 165. ಮೂರನೆಯದು ಮಾತ್ರ 120. ಆ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದರೆ ಮುಳ್ಳು 155ಕ್ಕೆ ಏರಿತು. ಆಯಿಲ್ ಮುಚ್ಚುವುದು ರಿಂಗಿನ ಸಂದನ್ನು; ವಾಲ್ವ್ ಸೋರುತ್ತಿದ್ದರೆ ಹೀಗೆ ಏರುತ್ತಿರಲಿಲ್ಲ. ಅಂದರೆ ಹೋಗಿರುವುದು ರಿಂಗೇ. ಅವನಿಗೆ ಅರ್ಧ ನಿಮಿಷ, ನನಗೆ ಅರ್ಧ ದಿನ.

ಪ್ಲಗ್ ಹಾಕಿ, ವೈರು ಸಿಕ್ಕಿಸಿ, "ಈಗ ಸ್ಟಾರ್ಟ್ ಮಾಡಿ ಮಾವ" ಅಂದೆ. ಅವರು ಹೊಡೆದರು. ಮತ್ತೆ ಹೊಡೆದರು. ಸೆಲ್ಫ್ ಕ್ಷೀಣವಾಗಿ ಟಿಕ್ ಎಂದು ಸುಮ್ಮನಾಯಿತು. ಬೆವರು ಒರೆಸಲು ಕರವಸ್ತ್ರ ಎಳೆದೆ. ಅದರ ಜೊತೆ ಜೇಬಿನಿಂದ ಫ್ಯೂಸ್ ಉದುರಿತು.

"ಮೊದಲಿಂದ್ಲೂ ಹೇಳ್ತಾನೇ ಇದೀನಿ, ಸ್ಟಾರ್ಟ್ ಆಗ್ತಿಲ್ಲ ಅಂತ" ಎಂದ ಮಾವ ಕನ್ನಡಿಯನ್ನು ಇನ್ನೊಮ್ಮೆ ಸರಿಮಾಡಿಕೊಂಡರು. "ಫ್ಯೂಸ್ ಹಾಕಿ ಹಿಂದೆ ಹೋಗಿ ತಳ್ಳು. ನಾನು ಸೆಕೆಂಡ್ ಗೇರಿಗೆ ಹಾಕಿರ್ತೀನಿ."