ನಂಬರ್ ಪಟ್ಟಿಯೇ ಲಾಕ್ ಆದರೆ?

ಸೈಬರ್ ದಾಳಿ ಆದಾಗ ಗಿರಾಕಿಗಳಿಗೆ ಏನು ಹೇಳಬೇಕು ಅನ್ನೋದನ್ನ ಮೊದಲೇ ಬರೆದಿಟ್ಟುಕೊಳ್ಳಿ ಅಂತ ನಿಮ್ಮ ಲೇಖನದಲ್ಲಿ ಹೇಳಿದ್ದೀರಿ, ಸರಿ. ಆದರೆ ಬರೆದಿದ್ದನ್ನ ಎಲ್ಲಿ ಇಡಬೇಕು ಅನ್ನೋದೂ ಮುಖ್ಯ ಅಲ್ವಾ? ಮಂಡ್ಯದಲ್ಲಿ ಒಂದು ಸಗಟು ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತೇನೆ. ಒಂದು ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದರೆ ಒಂದು ಫೈಲೂ ತೆರೆಯಲಿಲ್ಲ, ಪರದೆ ತುಂಬಾ ದುಡ್ಡು ಕೇಳುವ ಇಂಗ್ಲಿಷ್ ಪತ್ರ. ಗಿರಾಕಿಗಳ ನಂಬರ್, ಸಾಫ್ಟ್‌ವೇರ್ ಹಾಕಿಕೊಟ್ಟವರ ನಂಬರ್ ಎಲ್ಲಾ ಅದರೊಳಗೇ! ಕೊನೆಗೆ ಗಲ್ಲಾಪೆಟ್ಟಿಗೆ ಕೆಳಗೆ ಬಿದ್ದಿದ್ದ, ಎಣ್ಣೆ ಕಲೆಯಾದ ಹಳೇ ಡೈರಿ ಕಾಪಾಡಿತು.

ಯಜಮಾನರು "ಸುಮ್ನೆ ಸರ್ವರ್ ಡೌನ್ ಅಂದುಬಿಡು" ಅಂದರು. ಅಂದೆ. ಮೂರನೇ ದಿನ ಮದ್ದೂರಿನ ಗಿರಾಕಿಯೊಬ್ಬರು ಫೋನ್ ಮಾಡಿ, ನಿಮ್ಮ ಬ್ಯಾಂಕ್ ಖಾತೆ ಬದಲಾಯ್ತಂತಲ್ಲ, ಮೇಲ್ ಬಂದಿದೆ, ಹೊಸದಕ್ಕೇ ಹಾಕಲಾ ಅಂತ ಕೇಳಿದಾಗ ಕೈಕಾಲು ತಣ್ಣಗಾಯಿತು. ಪುಣ್ಯಕ್ಕೆ ಅವರು ಕೇಳಿದರು. ಎಲ್ಲರೂ ಕೇಳುತ್ತಾರಾ?

ಈಗ ಒಂದು ಹಾಳೆ ಗೋಡೆಗೆ ಅಂಟಿಸಿದ್ದೇವೆ. ಸೈಬರ್ ವಂಚನೆ ಸಹಾಯವಾಣಿ 1930, ಬ್ಯಾಂಕಿನ ನಂಬರ್, ಆಮೇಲೆ ವಾಟ್ಸಾಪ್‌ಗೆ ಹಾಕಬೇಕಾದ ಮಾತು: "ನಮ್ಮ ಕಂಪ್ಯೂಟರ್ ಮೇಲೆ ದಾಳಿ ಆಗಿದೆ. ಖಾತೆ ನಂಬರ್ ಬದಲಾಗಿಲ್ಲ. ಬದಲಾಗಿದೆ ಅಂತ ಯಾರೇ ಹೇಳಿದರೂ ಹಣ ಹಾಕಬೇಡಿ, ಅಂಗಡಿಗೆ ಫೋನ್ ಮಾಡಿ." ಫೋನ್ ಯಾರು ತೆಗೆಯಬೇಕು ಅಂತಲೂ ಬರೆದಿದೆ, ಇಲ್ಲದಿದ್ದರೆ ಲೋಡ್ ಇಳಿಸುವ ಹುಡುಗನೂ ಒಂದು ಕಥೆ ಹೇಳುತ್ತಾನೆ.

ಇನ್ನೊಂದು ಮಾತು ಸೇರಿಸಿ. ಸರ್ಟ್-ಇನ್ ಅಂದರೆ ಸೈಬರ್ ದಾಳಿಗಳನ್ನ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ. ಅದರ 2022ರ ನಿರ್ದೇಶನದ ಪ್ರಕಾರ ಇಂಥ ದಾಳಿ ಗೊತ್ತಾದ 6 ಗಂಟೆಯೊಳಗೆ ಕಂಪನಿಗಳು ಅವರಿಗೆ ತಿಳಿಸಬೇಕು. ನಮ್ಮ ಆಡಿಟರ್‌ಗೇ ಗೊತ್ತಿರಲಿಲ್ಲ.