ಸ್ಟೇಜ್ 2 ಕಾರಿಗೆ ಎರಡು ಲಕ್ಷ ಜಾಸ್ತಿ ಯಾಕೆ ಕೊಡಬೇಕು?

ಕಳೆದ ಶನಿವಾರ ಅಕ್ಕನ ಮಗನ ಜೊತೆ ಒಂದು ಕಾರು ನೋಡಲು ಹೋಗಿದ್ದೆ. ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 2017ರದ್ದು. ಫೋಟೋ ನೋಡಿದಾಗಿನಿಂದ ಹುಡುಗನಿಗೆ ನಿದ್ದೆ ಇಲ್ಲ. "ಮಾವ, ಸ್ಟೇಜ್ 2 ಆಗಿದೆಯಂತೆ. 300 ಎಚ್‌ಪಿ ದಾಟುತ್ತಂತೆ. ಮಾಮೂಲಿ ಆರ್‌ಎಸ್‌ಗಿಂತ ಎರಡೇ ಲಕ್ಷ ಜಾಸ್ತಿ" ಅಂದ. ಸ್ಟೇಜ್ 2 ಅಂದರೆ ಎಂಜಿನ್ ಶಕ್ತಿ ಹೆಚ್ಚಿಸಲು ಮಾಡಿಸುವ ಬದಲಾವಣೆ. ಆ ಎರಡು ಲಕ್ಷದ ಬಗ್ಗೆ ಬರೆಯಲೇಬೇಕು ಅನ್ನಿಸಿತು.

ಶೋರೂಮಿನಿಂದ ಬರುವಾಗ ಈ ಕಾರಿನ 2 ಲೀಟರ್ ಟರ್ಬೊ ಎಂಜಿನ್‌ಗೆ 230 ಎಚ್‌ಪಿ, 350 ಎನ್‌ಎಂ ಟಾರ್ಕ್ (ಎಳೆಯುವ ಬಲ) ಇರುತ್ತದೆ. ಸ್ಟೇಜ್ 1 ಅಂದರೆ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಸಾಫ್ಟ್‌ವೇರ್ ಮಾತ್ರ ಬದಲಿಸುವುದು; ಇದಕ್ಕೇ ಟ್ಯೂನ್ ಅಥವಾ ರೀಮ್ಯಾಪ್ ಅನ್ನುತ್ತಾರೆ. ಸ್ಟೇಜ್ 2ರಲ್ಲಿ ಟರ್ಬೊದಿಂದ ಹೊಗೆ ಹೊರಗೆ ಹೋಗುವ ಡೌನ್‌ಪೈಪ್ ಕೂಡ ಬದಲಾಗುತ್ತದೆ. ಎಷ್ಟೋ ಸಲ ಅದರಲ್ಲಿರುವ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೇ ತೆಗೆದುಬಿಡುತ್ತಾರೆ. ಇಷ್ಟೆಲ್ಲ ಆದರೂ ಗೇರ್‌ಬಾಕ್ಸಿನ ಕ್ಲಚ್ ಮಾತ್ರ ಸಾಮಾನ್ಯವಾಗಿ ಕಂಪನಿ ಕೊಟ್ಟದ್ದೇ ಇರುತ್ತದೆ.

ಹತ್ತು ಗಂಟೆಗೆ ಬರುತ್ತೇವೆ ಅಂತ ಹೇಳಿದ್ದೆವು. ಹೋದಾಗ ಬಾನೆಟ್ ಬಿಸಿ. ಈಗಷ್ಟೇ ತೊಳೆಸಿಕೊಂಡು ಬಂದೆ ಅಂದರು ಕಾರಿನ ಮಾಲೀಕರು. ನಿಜವೇ ಇರಬಹುದು. ಆದರೆ ಬಿಸಿ ಎಂಜಿನ್ ಬಹಳ ವಿಷಯ ಮುಚ್ಚಿಡುತ್ತದೆ. "ನಾಳೆ ಬೆಳಿಗ್ಗೆ ಬರ್ತೀವಿ ಸರ್, ನಾವು ಬರೋವರೆಗೂ ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿ ಬಂದೆವು.

ಭಾನುವಾರ ಎಂಜಿನ್ ತಣ್ಣಗಿತ್ತು. ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಇಲ್ಲ, ಟಕಟಕ ಸದ್ದಿಲ್ಲ. ಓಡಿಸಿದೆ. ಮೇಲಿನ ಗೇರಿನಲ್ಲಿ, ಕಡಿಮೆ ಆರ್‌ಪಿಎಂನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಕ್ಲಚ್ ಸ್ಲಿಪ್ ಆಗುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಆರ್‌ಪಿಎಂ ಮುಳ್ಳು ಮಾತ್ರ ಏರಿ ಕಾರಿನ ವೇಗ ಏರದಿದ್ದರೆ ಕಥೆ ಮುಗಿಯಿತು. ಇಲ್ಲಿ ಹಾಗೇನೂ ಆಗಲಿಲ್ಲ. ಕಾರು ನಿಜಕ್ಕೂ ಚೆನ್ನಾಗಿ ಎಳೆಯಿತು. ಹುಡುಗನ ಮುಖ ಅರಳಿತು.

ಆಮೇಲೆ ಸ್ಕ್ಯಾನರ್ ಹಾಕಿದೆ. ಎರರ್ ಕೋಡ್ ಒಂದೂ ಇಲ್ಲ. ಆದರೆ ಇಸಿಯು ತಾನಾಗಿಯೇ ಮಾಡಿಕೊಳ್ಳುವ ಪರೀಕ್ಷೆಗಳು ಬಹುತೇಕ "ಇನ್ನೂ ಮುಗಿದಿಲ್ಲ" ಅಂತ ತೋರಿಸುತ್ತಿದ್ದವು. ಅಂದರೆ ಇತ್ತೀಚೆಗೆ ಯಾರೋ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ಬ್ಯಾಟರಿ ಬಿಚ್ಚಿದ್ದೆ ಅಂದರು. ಸರಿ.

ಟ್ಯೂನ್ ಮಾಡಿದ್ದು ಯಾರು? ಒಬ್ಬ ಫ್ರೆಂಡ್. ಬಿಲ್? ಇಲ್ಲ. ಡೈನೋ ಶೀಟ್, ಅಂದರೆ ಕಾರನ್ನು ಯಂತ್ರದ ಮೇಲೆ ಓಡಿಸಿ ಶಕ್ತಿ ಅಳೆದ ವರದಿ? ಇಲ್ಲ. ಹಾಗಾದರೆ 300 ಎಚ್‌ಪಿ ಅನ್ನುವುದು ಬರೀ ಬಾಯಿಮಾತು. ಯಾವ ಆಕ್ಟೇನ್ (ಒತ್ತಡದಲ್ಲಿ ತಾನಾಗಿ ಸಿಡಿಯದೆ ತಡೆಯುವ ಗುಣದ ಅಂಕಿ) ಪೆಟ್ರೋಲ್‌ಗೆ ಬರೆದ ಟ್ಯೂನ್ ಅಂತ ಕೇಳಿದರೆ ಅದೂ ಗೊತ್ತಿಲ್ಲ. ಇದು ಸಣ್ಣ ವಿಷಯ ಅಲ್ಲ. 97 ಆಕ್ಟೇನ್‌ಗೆ ಬರೆದ ಟ್ಯೂನ್ ಹಾಕಿಕೊಂಡು ವರ್ಷಗಟ್ಟಲೆ ಸಾದಾ ಪೆಟ್ರೋಲಿನಲ್ಲಿ ಜೋರಾಗಿ ಓಡಿಸಿದರೆ ಎಂಜಿನ್ ನಾಕ್ ಆಗುತ್ತದೆ, ಅಂದರೆ ಒಳಗೆ ಪೆಟ್ರೋಲ್ ತಾನಾಗಿ ಸಿಡಿಯುತ್ತದೆ. ಇಸಿಯು ಒಂದು ಮಟ್ಟಿಗೆ ಸಂಭಾಳಿಸುತ್ತದೆ, ಅದನ್ನು ಮೀರಿದರೆ ಪೆಟ್ಟು ಬೀಳುವುದು ಪಿಸ್ಟನ್‌ಗೆ. ಈ ಗೇರ್‌ಬಾಕ್ಸಿನ ಆಯಿಲನ್ನು 60,000 ಕಿಲೋಮೀಟರಿಗೆ ಬದಲಿಸಬೇಕು. ಕಾರು 82,000 ಓಡಿದೆ, ಬದಲಿಸಿದ ದಾಖಲೆ ಇಲ್ಲ. ಒರಿಜಿನಲ್ ಡೌನ್‌ಪೈಪ್ ಎಲ್ಲಿ ಅಂದೆ. ಮಾರಿಬಿಟ್ಟೆ ಅಂದರು.

ನನ್ನ ಮನಸ್ಸು ಮುರಿದದ್ದು ಅಲ್ಲೇ. ಆ ಪೈಪ್ ಇಲ್ಲದೆ ಕಾರನ್ನು ಮೊದಲಿನ ಸ್ಥಿತಿಗೆ ತರಲು ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಕಾನೂನು ಮೀರಿದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿಸಿದರು. ಇನ್ಶೂರೆನ್ಸ್‌ನವರಿಗೆ ತಿಳಿಸದ ಬದಲಾವಣೆ ಇದ್ದರೆ ಕ್ಲೈಮ್‌ಗೂ ತಕರಾರು. ಆರ್‌ಸಿ ವರ್ಗಾವಣೆ ಆದ ದಿನದಿಂದ ಇದೆಲ್ಲ ಹುಡುಗನ ತಲೆ ಮೇಲೆ, ಅಲ್ವಾ?

ಮಾಡಿಫೈ ಆದ ಕಾರನ್ನು ಮುಟ್ಟಲೇಬಾರದು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ಗೆಳೆಯನೊಬ್ಬನ ಹತ್ತಿರ ಅಬಾರ್ಥ್ ಪುಂಟೊ ಇತ್ತು. 1.4 ಲೀಟರ್ ಟರ್ಬೊ, 145 ಎಚ್‌ಪಿ. ಅದಕ್ಕೂ ರೀಮ್ಯಾಪ್ ಮಾಡಿಸಿದ್ದ, ಸಸ್ಪೆನ್ಷನ್ ಬದಲಿಸಿದ್ದ. ಆದರೆ ಅವನ ಮನೆಯ ಅಟ್ಟದ ಮೇಲೆ ಒರಿಜಿನಲ್ ಸ್ಪ್ರಿಂಗುಗಳು ಪೇಪರಿನಲ್ಲಿ ಸುತ್ತಿ ಇಟ್ಟಿದ್ದವು. ಒಂದು ಫೈಲಿನಲ್ಲಿ ಆಯಿಲ್ ಫಿಲ್ಟರಿನ ಬಿಲ್ ಕೂಡ ತಾರೀಖು ಪ್ರಕಾರ ಜೋಡಿಸಿತ್ತು. ರೀಮ್ಯಾಪ್‌ಗೆ ಮುಂಚಿನ ಡೈನೋ ಶೀಟು, ಆಮೇಲಿನದು, ಎರಡೂ ಇದ್ದವು. ಅಂಥ ಕಾರನ್ನು ನಾನು ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತೇನೆ. ಹಾಗಿದ್ದರೂ ಪಾರ್ಟ್ಸ್‌ಗಳಿಗೆ ಅಂತ ಬೇರೆ ದುಡ್ಡು ಕೊಡುವುದಿಲ್ಲ. ಅವನು ತನ್ನ ಖುಷಿಗೆ ಖರ್ಚು ಮಾಡಿದ್ದ, ಆ ಖುಷಿ ಅವನಿಗೆ ಆಗಲೇ ಸಿಕ್ಕಿತ್ತು. ಸ್ಟಾಕ್ (ಏನೂ ಬದಲಿಸದೆ ಕಂಪನಿ ಕೊಟ್ಟಂತೆಯೇ ಇರುವ) ಕಾರಿನ ಬೆಲೆಯಲ್ಲಿ, ಅದನ್ನು ಮತ್ತೆ ಸ್ಟಾಕ್ ಮಾಡಲು ಬೀಳುವ ಖರ್ಚು ಕಳೆಯಬೇಕು. ನನ್ನ ಲೆಕ್ಕ ಇಷ್ಟೇ.

ವಾಪಸ್ ಬರುವಾಗ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಾ ಹುಡುಗನೇ ಫೋನಿನಲ್ಲಿ ಲೆಕ್ಕ ಹಾಕಿದ. ಡೌನ್‌ಪೈಪ್, ಗೇರ್‌ಬಾಕ್ಸ್ ಆಯಿಲ್, ಸ್ಟಾಕ್ ಸಾಫ್ಟ್‌ವೇರ್, ಕ್ಲಚ್‌ಗೆ ಅಂತ ಸ್ವಲ್ಪ ತೆಗೆದಿಟ್ಟ. ಅವರು ಕೇಳಿದ್ದಕ್ಕಿಂತ ನಾಲ್ಕು ಲಕ್ಷ ಕಡಿಮೆ ಬಂತು. ಫೋನ್ ಮಾಡಿ ಆ ಬೆಲೆ ಹೇಳಿದ. ಅವರು ಒಪ್ಪಲಿಲ್ಲ. ಎರಡು ದಿನ ಬೇಜಾರಿನಲ್ಲಿದ್ದ.

ನಿನ್ನೆ ರಾತ್ರಿ ಮತ್ತೆ ಫೋನ್ ಮಾಡಿದ್ದ. "ಮಾವ, ಮೈಸೂರಲ್ಲಿ ಒಂದು ಇದೆ. ಪೂರ್ತಿ ಸ್ಟಾಕ್. ನಾವು ಬರೋವರೆಗೂ ಸ್ಟಾರ್ಟ್ ಮಾಡಬೇಡಿ ಅಂತ ನಾನೇ ಹೇಳಿದ್ದೀನಿ." ಭಾನುವಾರ ಬೆಳಿಗ್ಗೆ ಐದಕ್ಕೆ ಹೊರಡುತ್ತಿದ್ದೇವೆ.