ಸಮುದ್ರ ಮಟ್ಟದಿಂದ ಮೂರು ಮೆಟ್ಟಿಲು ಮೇಲೆ

ನವೀಕರಣ ಎಂಬುದು ಅಂಟುರೋಗ. ಎದುರು ಮನೆಯವರು ಬಣ್ಣ ಹೊಡೆಸಿದ ಮರುದಿನವೇ ನಮ್ಮ ಗೋಡೆ ಹತ್ತು ವರ್ಷ ಹಳೆಯದಾಗಿ ಕಾಣತೊಡಗುತ್ತದೆ. ಒಂದು ಮನೆಯಿಂದಲೇ ಇಷ್ಟು ಅನಾಹುತವಾಗುವುದಾದರೆ ಇಡೀ ರೈಲು ನಿಲ್ದಾಣಕ್ಕೆ ಹೊಸ ರೂಪ ಬರಲಿದೆ ಎಂದು ಗೊತ್ತಾದ ದಿನ ಅದರ ಎದುರಿನ ಅಂಗಡಿಗಳ ಗತಿ ಏನಾಗಬೇಕು? 2023ರ ಆಗಸ್ಟ್ 6ರಂದು ಅಮೃತ ಭಾರತ ನಿಲ್ದಾಣ ಯೋಜನೆಯಡಿ ದೇಶದ 508 ನಿಲ್ದಾಣಗಳಿಗೆ ಒಂದೇ ದಿನ ಶಂಕುಸ್ಥಾಪನೆಯಾಯಿತು. ಪಟ್ಟಿಯಲ್ಲಿ ಕೊಪ್ಪಳವೂ ಇತ್ತು, ನಮ್ಮ ಬಳ್ಳಾರಿಯೂ ಇತ್ತು. ಮರುದಿನ ಸಂಜೆ ನನ್ನ ಸೋದರಮಾವ ಸ್ಟೇಷನ್ ರಸ್ತೆಯ ತಮ್ಮ ಪಾತ್ರೆ ಅಂಗಡಿಯಿಂದ ಹೊರಗೆ ಬಂದು, ರಸ್ತೆಯ ಆಚೆ ಬದಿಗೆ ಹೋಗಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ತಮ್ಮ ಬೋರ್ಡನ್ನು ನೋಡಿದರು. ಕಣ್ಣು ಕಾಣುವ ಕಾಲದಲ್ಲೂ ಅವರು ಅದನ್ನು ಓದಿದವರಲ್ಲ.

ಆ ಬೋರ್ಡು ಅಜ್ಜ ಬರೆಸಿದ್ದು. ಅಜ್ಜ ಅಂಗಡಿ ಇಟ್ಟಾಗ ಬಳ್ಳಾರಿ ಮದ್ರಾಸಿಗೆ ಸೇರಿತ್ತು. ಎದುರಿನ ಮೀಟರ್ ಗೇಜ್ ಹಳಿಯ ಮೇಲೆ ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆಯ ಬಂಡಿಗಳು ಹೊಗೆಯುಗುಳುತ್ತಿದ್ದವು. 1951ರಲ್ಲಿ ಆ ಕಂಪನಿ ದಕ್ಷಿಣ ರೈಲ್ವೆಯಲ್ಲಿ ಕರಗಿತು. 1953ರ ಅಕ್ಟೋಬರ್ 1ರಂದು ಊರೇ ಮೈಸೂರು ರಾಜ್ಯಕ್ಕೆ ಬಂತು. ಒಂದು ಮೀಟರ್ ಅಗಲದ ಹಳಿ ಹೋಗಿ 1,676 ಮಿಲಿಮೀಟರಿನ ಬ್ರಾಡ್ ಗೇಜ್ ಬಂತು. 2003ರಲ್ಲಿ ಹುಬ್ಬಳ್ಳಿ ವಿಭಾಗದ ಜೊತೆಗೆ ನಾವೂ ನೈಋತ್ಯ ರೈಲ್ವೆಯವರಾದೆವು. 2014ರ ನವೆಂಬರ್ 1ರಂದು ಊರಿನ ಇಂಗ್ಲಿಷ್ ಕಾಗುಣಿತವೂ ಬದಲಾಯಿತು. ಇಷ್ಟೆಲ್ಲ ಆಗುವಷ್ಟರಲ್ಲಿ ಮಾವನ ಬೋರ್ಡಿನಲ್ಲಿ ಆದ ತಿದ್ದುಪಡಿ ಒಂದೇ: ‘ಹಿತ್ತಾಳೆ’ ಎಂಬಲ್ಲಿ ಬಣ್ಣ ಬಳಿದು ‘ಸ್ಟೀಲ್’ ಎಂದು ಬರೆಸಿದ್ದರು. ಮಳೆಗಾಲದಲ್ಲಿ ಸ್ಟೀಲಿನ ಹಿಂದಿನಿಂದ ಹಿತ್ತಾಳೆ ಇಣುಕುತ್ತಿತ್ತು. ಮೂಲೆಯಲ್ಲಿದ್ದ ಮೂರಂಕಿಯ ದೂರವಾಣಿ ಸಂಖ್ಯೆಗೆ ಕರೆ ಮಾಡಿದವರು ಬದುಕಿರುವ ಸಾಧ್ಯತೆ ಕಡಿಮೆ.

ನಿಲ್ದಾಣದ ಮುಂದೆ ತಗಡಿನ ಬೇಲಿ ಎದ್ದಿತು. ಎದ್ದದ್ದೇ ತಡ, ಸ್ಟೇಷನ್ ರಸ್ತೆಯ ಅಂಗಡಿಯವರೆಲ್ಲ ಒಂದು ಲಾಡ್ಜಿನ ಊಟದ ಹಾಲಿನಲ್ಲಿ ಸಭೆ ಸೇರಿದರು. ಹೊಸ ನಿಲ್ದಾಣದ ಎದುರು ನಮ್ಮ ಅಂಗಡಿಗಳು ಒಂದೊಂದು ಬಣ್ಣದಲ್ಲಿ ಹಲ್ಲುಕಿರಿದು ನಿಂತರೆ ಊರಿನ ಮಾನ ಉಳಿಯುವುದಿಲ್ಲ, ಎಲ್ಲರಿಗೂ ಒಂದೇ ಅಳತೆಯ, ಒಂದೇ ಬಣ್ಣದ ಬೋರ್ಡು ಇರಲಿ ಎಂದು ನಿರ್ಣಯವಾಯಿತು. ಯಾವ ಬಣ್ಣ ಎಂಬ ಪ್ರಶ್ನೆಗೆ ಬೇಕರಿಯವರು ಕೆಂಪು ಎಂದರು. ಅದಿರು ಲಾರಿಗಳ ದಯೆಯಿಂದ ಈ ಊರಿನಲ್ಲಿ ಯಾವ ಬಣ್ಣ ಹಚ್ಚಿದರೂ ಕೊನೆಗೆ ಕೆಂಪೇ ಆಗುತ್ತದೆ, ಅದಕ್ಕೆ ದುಡ್ಡು ಏಕೆ ಕೊಡಬೇಕು ಎಂದು ಮಾವ ಕೇಳಿದರು. ಕೊನೆಗೆ ಗೆದ್ದದ್ದು ಮಾವನ ಸಲಹೆ: ರೈಲ್ವೆ ಹಳದಿ. ಹಳದಿಯ ಮೇಲೆ ಕಪ್ಪು ಅಕ್ಷರ. ಓಡುವ ಗಾಡಿಯ ಚಾಲಕನಿಗೂ ದೂರದಿಂದ ಕಾಣಲಿ ಎಂದು ತಾನೇ ರೈಲ್ವೆಯವರು ಅದನ್ನು ಬಳಸುವುದು? ಚಾಲಕನಿಗೆ ಕಾಣುವುದಾದರೆ ಗಿರಾಕಿಗೆ ಕಾಣದೇ ಇರುತ್ತದೆಯೇ?

ನನ್ನನ್ನು ಅಲ್ಲಿಗೆ ಕರೆಸಿದ್ದು ಸಲಹೆಗಾರನಾಗಿ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವನು. ನಮ್ಮ ಬಂಧುಬಳಗಕ್ಕೆ ಅಷ್ಟು ಸಾಕು. ಕಾನೂನು, ಕಾಗುಣಿತ, ಕಾಮಾಲೆ ಎಲ್ಲಕ್ಕೂ ನನ್ನನ್ನೇ ಕೇಳುತ್ತಾರೆ.

ಮೊದಲ ನಮೂನೆ ನಿಲ್ದಾಣದ ಫಲಕದ ತದ್ರೂಪವಾಗಿತ್ತು. ಮೇಲೆ ಕನ್ನಡ, ನಡುವೆ ಹಿಂದಿ, ಕೆಳಗೆ ಇಂಗ್ಲಿಷ್, ಮೂವರಿಗೂ ಸಮಪಾಲು. ಆಗ ಯಾರೋ ಹೊಸ ಕಾನೂನಿನ ಮಾತೆತ್ತಿದರು. 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿಯಾಗಿ, ಅಂಗಡಿಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದು ಮೇಲ್ಭಾಗದಲ್ಲಿಯೇ ಇರಬೇಕು ಎಂದಾಗಿತ್ತು. ನಿಲ್ದಾಣದ ಲೆಕ್ಕದಲ್ಲಿ ನಮ್ಮ ಕನ್ನಡ ಮೂವತ್ಮೂರಕ್ಕೇ ನಿಲ್ಲುತ್ತಿತ್ತು. ಮಾವ ತಕ್ಷಣ ಬಟ್ಟೆ ಅಂಗಡಿಯಿಂದ ಟೇಪು ತರಿಸಿದರು. ಊಟದ ಮೇಜಿನ ಮೇಲೆ ನಮೂನೆಯನ್ನು ಹಾಸಿ ಅಳತೆ ಶುರುವಾಯಿತು. ಅಕ್ಷರಗಳನ್ನು ಎಣಿಸಬೇಕೋ ಜಾಗವನ್ನು ಅಳೆಯಬೇಕೋ ಎಂಬುದೇ ಮೊದಲ ಜಗಳ. ಜಾಗ ಎಂದು ತೀರ್ಮಾನವಾದ ಮೇಲೆ ಔಷಧಿ ಅಂಗಡಿಯವರು, ಅವರು ಮಿತಭಾಷಿ, ಒಂದು ಪ್ರಶ್ನೆ ಕೇಳಿದರು:

“ನಡುವೆ ಖಾಲಿ ಉಳಿದ ಹಳದಿ ಯಾವ ಭಾಷೆಗೆ ಸೇರಿದ್ದು?”

ಸಭೆ ಸ್ತಬ್ಧವಾಯಿತು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಮಿರ್ಚಿ ತಿನ್ನುತ್ತಿದ್ದೆ; ಬಾಯಿ ತುಂಬ ಮಿರ್ಚಿ ಇರುವವನನ್ನು ಕಾನೂನು ಕೇಳಬಾರದು ಎಂಬ ಸೌಜನ್ಯ ಬಳ್ಳಾರಿಯಲ್ಲಿ ಇನ್ನೂ ಇದೆ. ಅಷ್ಟರಲ್ಲಿ ಮಾವ ಮೇಜು ಕುಟ್ಟಿದರು. “ಈ ತಲೆನೋವೇ ಬೇಡ. ನೂರಕ್ಕೆ ನೂರು ಕನ್ನಡ ಬರೆಸೋಣ. ಯಾರು ಅಳೆಯಲು ಬರುತ್ತಾರೋ ಬರಲಿ.”

ಚಪ್ಪಾಳೆಯೂ ಆಯಿತು. ಇನ್ನೊಂದು ಸುತ್ತು ಮಿರ್ಚಿಯೂ ಬಂತು.

ಬೋರ್ಡು ಮಾಡಲು ಒಪ್ಪಿಕೊಂಡ ಹುಡುಗ ಚುರುಕು. ಕಂಪ್ಯೂಟರಿನಲ್ಲಿ ಎಲ್ಲ ಅಂಗಡಿಗಳ ಹೆಸರನ್ನೂ ಒಂದೇ ಅಳತೆಯ ಪಟ್ಟಿಯಲ್ಲಿ ಕೂರಿಸಿ, ಹಾಳೆ ಕತ್ತರಿಸಿ, ಸುತ್ತಲೂ ಅಲ್ಯೂಮಿನಿಯಂ ಚೌಕಟ್ಟು ಬಿಗಿದು ತಂದ. ಆದರೆ ಆ ಪಟ್ಟಿಯ ಎತ್ತರವನ್ನು ಅವನು ಬೇರೊಂದು ಊರಿನ ಇಂಗ್ಲಿಷ್ ಬೋರ್ಡುಗಳಿಂದ ಎತ್ತಿಕೊಂಡಿದ್ದ. ಇಂಗ್ಲಿಷಿನ ದೊಡ್ಡಕ್ಷರಗಳು ನೆಲದ ಮೇಲೆ ಸಾಲಾಗಿ ನಿಲ್ಲುತ್ತವೆ, ಕೆಳಗೆ ಏನೂ ಇಳಿಬಿಡುವುದಿಲ್ಲ. ಕನ್ನಡದ ಸಂಸಾರ ಹಾಗಲ್ಲ. ಇಲ್ಲಿ ಪ್ರತಿ ಎರಡನೇ ಅಕ್ಷರದ ಕಾಲಡಿ ಒಂದು ಒತ್ತು ಕುಳಿತಿರುತ್ತದೆ. ಆ ಒತ್ತುಗಳೆಲ್ಲ ಅಚ್ಚುಕಟ್ಟಾಗಿ ಕೆಳಗಿನ ಚೌಕಟ್ಟಿನೊಳಗೆ ಅಡಗಿ ಹೋದವು. ‘ಶ್ರೀ ದುರ್ಗಮ್ಮ ಸ್ಟೀಲ್ ಪಾತ್ರೆ ಅಂಗಡಿ’ ಗೋಡೆಯೇರಿದಾಗ ಹೀಗಿತ್ತು:

ಶೀ ದುರ್ಗಮ ಸೀಲ್ ಪಾತೆ ಅಂಗಡಿ.

ಶೀ ಎಂದು ಮುಖ ಸಿಂಡರಿಸಿಕೊಂಡು ಶುರುವಾಗುವ ಅಂಗಡಿಯ ಒಳಗೆ ಯಾರು ಬರುತ್ತಾರೆ? ಬಂದವರೂ ಬಾಗಿಲಲ್ಲೇ ನಿಂತು, “ಯಾವಾಗ ಸೀಲ್ ಮಾಡಿದರು? ತೆರಿಗೆ ಬಾಕಿಯೇ?” ಎಂದು ಅನುಕಂಪದಿಂದ ಕೇಳಿದರು. ಮಾವನಿಗೆ ಸೀಲಿಗಿಂತ ದೇವಿಯ ಹೆಸರಿನದೇ ಚಿಂತೆ. ಕನಕ ದುರ್ಗಮ್ಮನ ಊರಿನಲ್ಲಿ ಅಮ್ಮನ ಒತ್ತು ಕತ್ತರಿಸಿ ವ್ಯಾಪಾರ ಮಾಡಲು ಸಾಧ್ಯವೇ? ಇಡೀ ಸಾಲಿನಲ್ಲಿ ಅಕ್ಷತವಾಗಿ ಉಳಿದದ್ದು ‘ಔಷಧಾಲಯ’ ಒಂದೇ. ಆ ಮಿತಭಾಷಿ ಅಂದು ಎಲ್ಲರಿಗೂ ಚಹಾ ಕೊಡಿಸಿದರು.

ಮರಳಿ ಮಾಡಿಸಲು ದುಡ್ಡಿರಲಿಲ್ಲ. ಅಜ್ಜನ ಬೋರ್ಡಿನಲ್ಲಿ ಸ್ಟೀಲ್ ಬರೆದಿದ್ದ ಪೇಂಟರ್ ಇನ್ನೂ ಇದ್ದರು. ಫ್ಲೆಕ್ಸ್ ಬಂದ ಮೇಲೆ ಕುಂಚ ಕೆಳಗಿಟ್ಟು ಮಗನ ಮನೆಯಲ್ಲಿ ಕುಳಿತಿದ್ದವರನ್ನು ಮಾವ ಸ್ಕೂಟರಿನಲ್ಲಿ ಕರೆತಂದರು. ಅವರು ಏಣಿ ಹತ್ತಿ, ಸುಣ್ಣದ ಪುಡಿ ಮೆತ್ತಿದ ದಾರವನ್ನು ಎಳೆದು ಗೆರೆ ಹೊಡೆದು, ಬಿಟ್ಟುಹೋದ ಒತ್ತುಗಳನ್ನೆಲ್ಲ ಬೋರ್ಡಿನ ಕೆಳಗೆ ಸರಿಯಾದ ಜಾಗದಲ್ಲಿ ಒಂದೊಂದಾಗಿ ಬರೆದರು. ಎಂಥ ಒತ್ತುಗಳು! ಮ ಒತ್ತಿನ ಬಾಲವನ್ನು ಎಳೆದ ಬಗೆ ನೋಡಲು ರಸ್ತೆಯಲ್ಲಿ ಹೋಗುವವರು ನಿಂತರು. ಈ ಕೈಯನ್ನು ಬಿಟ್ಟು ನಾವು ಇಷ್ಟು ವರ್ಷ ಕಂಪ್ಯೂಟರನ್ನು ಯಾಕೆ ನಂಬಿದೆವು ಎಂದು ನನಗೂ ಅನ್ನಿಸಿತು. ತೊಂದರೆ ಒಂದೇ: ಬೋರ್ಡಿನ ಕೆಳಗೆ ಇದ್ದದ್ದು ಗೋಡೆಯಲ್ಲ, ರೋಲಿಂಗ್ ಶಟರ್. ಭಾನುವಾರ, ಅಂಗಡಿ ಮುಚ್ಚಿದ ದಿನ, ಅವರು ಕೆಲಸ ಮಾಡಿದ್ದರು. ಸೋಮವಾರ ಬೆಳಿಗ್ಗೆ ಮಾವ ಶಟರ್ ಎತ್ತಿದರು. ಒತ್ತುಗಳು ಸುರುಳಿ ಸುತ್ತಿಕೊಂಡು ಮೇಲೆ ಹೋದವು. ಅಂದಿನಿಂದ ಅಂಗಡಿ ಮುಚ್ಚಿದಾಗ ಮಾತ್ರ ಅದರ ಹೆಸರು ಶುದ್ಧ ಕನ್ನಡದಲ್ಲಿರುತ್ತದೆ. ರಾತ್ರಿ ಹತ್ತರ ಮೇಲೆ ಸ್ಟೇಷನ್ ರಸ್ತೆಯಲ್ಲಿ ನಡೆದು ಹೋದವರಿಗೆ ವ್ಯಾಕರಣದೋಷ ಕಾಣಸಿಗುವುದಿಲ್ಲ.

ಇನ್ನು ಸಮುದ್ರದ ಕಥೆ. ನಿಲ್ದಾಣದ ಹಳದಿ ಫಲಕದ ಕೆಳಗೆ ಸಮುದ್ರ ಮಟ್ಟದಿಂದ ಎಷ್ಟು ಮೀಟರ್ ಎತ್ತರ ಎಂದು ಬರೆದಿರುತ್ತದಲ್ಲ, ಅದಿಲ್ಲದೆ ಬೋರ್ಡಿಗೆ ಕಳೆಯಿಲ್ಲ ಎಂದು ಮಾವನಿಗೆ ತೋರಿತು. ಕಡಲು ನೋಡಬೇಕಾದರೆ ಇಲ್ಲಿಂದ ರಾತ್ರಿಯಿಡೀ ಪ್ರಯಾಣ ಮಾಡಬೇಕಾದ ಊರಿನಲ್ಲಿ ಪಾತ್ರೆ ಕೊಳ್ಳುವವರಿಗೆ ಅದರಿಂದೇನು ಎಂದು ನಾನು ಕೇಳಿದೆ.

“ನಿನಗೆ ತಿಳಿಯುವುದಿಲ್ಲ. ನಿಲ್ದಾಣದ ಅಂಕಿಯನ್ನು ತೆಗೆದುಕೊಂಡು ನಮ್ಮ ಮೂರು ಮೆಟ್ಟಿಲು ಸೇರಿಸು.”

“ಮೂರು ಮೆಟ್ಟಿಲು ಸೇರಿದರೆ ಅರ್ಧ ಮೀಟರ್ ಕೂಡ ಆಗುವುದಿಲ್ಲ ಮಾವ.”

“ಆಗದಿದ್ದರೆ ಬೇಡ. ಎತ್ತರ ಎತ್ತರವೇ.”

ಒಂದು ಚಿಕ್ಕ ಹಲಗೆಯ ಮೇಲೆ ಅದು ಬಂತು. ಪಕ್ಕದ ಬೇಕರಿಗೆ ನಾಲ್ಕು ಮೆಟ್ಟಿಲು. ಮರುವಾರವೇ ಅವರ ಹಲಗೆ ಬಂತು, ಮಾವನ ಅಂಕಿಗಿಂತ ಮುಂದೆ. ಲಾಡ್ಜಿನವರು ತಾರಸಿಯಿಂದ ಲೆಕ್ಕ ಹಾಕಿಸಿ ಇಬ್ಬರನ್ನೂ ಮಣ್ಣುಮುಕ್ಕಿಸಿದರು. ಮಾವ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಚಹಾದಂಗಡಿಯ ಹಿರಿಯರೊಬ್ಬರು ಅವರನ್ನು ಸಮಾಧಾನ ಮಾಡಲು ನಮ್ಮೂರಿನ ಹಳೆಯ ಕಥೆಯನ್ನೇ ತೆಗೆದರು. ಹೈದರ್ ಅಲಿ ಬಳ್ಳಾರಿ ಗುಡ್ಡದ ಕೋಟೆಯನ್ನು ಬಲಪಡಿಸಲು ಫ್ರೆಂಚ್ ಎಂಜಿನಿಯರ್ ಒಬ್ಬನನ್ನು ನೇಮಿಸಿದ್ದನಂತೆ. ಎಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡವೇ ಎತ್ತರವಾಗಿತ್ತಂತೆ; ಎಂಜಿನಿಯರನನ್ನು ಕೋಟೆಯ ಬಾಗಿಲಲ್ಲೇ ಗಲ್ಲಿಗೆ ಹಾಕಿದರಂತೆ. ಈ ಕಥೆಯಿಂದ ಮಾವನಿಗೆ ಯಾವ ಸಮಾಧಾನವಾಯಿತೋ ಕಾಣೆ. ಆದರೆ ಪಕ್ಕದ ಬೆಂಚಿನಲ್ಲಿ ಕುಳಿತು ಇದನ್ನೆಲ್ಲ ಕೇಳುತ್ತಿದ್ದ ಕಾಮಗಾರಿಯ ಕಿರಿಯ ಎಂಜಿನಿಯರ್ ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದ. ಆ ಮಧ್ಯಾಹ್ನದ ಬಿಸಿಲಿನಲ್ಲಿ ಅವನು ಹೊಸ ಮುಂಭಾಗವನ್ನು ಮತ್ತೆ ಅಳೆಯುತ್ತಿದ್ದುದನ್ನು ನಾವೆಲ್ಲ ನೋಡಿದೆವು.

ಸಾಲಿನ ಅಂಗಡಿಗಳೆಲ್ಲ ಹಳದಿಯಾದ ಮೇಲೆ ಮೊದಲು ದಾರಿ ತಪ್ಪಿದವರು ಊರಿನವರೇ. ಊರಿನವರು ಬೋರ್ಡು ಓದುವುದಿಲ್ಲ. ನೀಲಿ ಬಾಗಿಲು, ಸೊಟ್ಟ ತಗಡು, ತುಕ್ಕು ಹಿಡಿದ ಕಂಬ, ಇವೇ ಅವರ ವಿಳಾಸ. ನಮ್ಮ ಅತ್ತೆಯೇ ಮಧ್ಯಾಹ್ನದ ಬುತ್ತಿ ತಂದು, ಮೊಬೈಲಿನಲ್ಲಿ ತಂಗಿಯ ಜೊತೆ ಮಾತಾಡುತ್ತಲೇ ಬೇಕರಿಯ ಗಲ್ಲಾದ ಮೇಲೆ ಇಟ್ಟು ಹೋದರು. ಜೋಳದ ರೊಟ್ಟಿ, ಎಣ್ಣೆಗಾಯಿ. ಬೇಕರಿಯವರು ಡಬ್ಬಿಯನ್ನು ತೊಳೆದು, ಒಳಗೆ ಬೆಣ್ಣೆ ಬಿಸ್ಕತ್ತು ತುಂಬಿ ಮಾವನಿಗೆ ಕಳಿಸಿದರು. ಮೆಟ್ಟಿಲಿನ ವೈರ ಅಂದಿಗೆ ಮುಗಿಯಿತು.

ಪರಊರಿನವರ ಪಾಡು ಬೇರೆ. ಕಾಮಗಾರಿಗಾಗಿ ನಿಲ್ದಾಣದ ಪ್ರವೇಶದ ದಾರಿ ಆಗಾಗ ಜಾಗ ಬದಲಿಸುತ್ತಿತ್ತು. ಚೀಲ ಹೊತ್ತು ಆಟೋದಿಂದ ಇಳಿದವರ ಕಣ್ಣಿಗೆ ತಗಡಿನ ಬೇಲಿ ಒಂದು ಕಡೆ, ಹಳದಿ ಫಲಕ, ಕಪ್ಪು ಅಕ್ಷರ, ಸಮುದ್ರ ಮಟ್ಟ ಇನ್ನೊಂದು ಕಡೆ. ಕನ್ನಡ ಬಾರದವರಿಗೆ ಅನುಮಾನಕ್ಕೇ ಎಡೆಯಿಲ್ಲ. ನೇರವಾಗಿ ಮಾವನ ಅಂಗಡಿಗೆ ನುಗ್ಗಿ ಗುಂಟಕಲ್ಲಿಗೆ ಎರಡು ಟಿಕೆಟ್ ಕೇಳುತ್ತಿದ್ದರು. ಕುಕ್ಕರುಗಳ ಸಾಲಿನ ಹಿಂದೆ ಕುಳಿತ ಮಾವ ಮೊದಮೊದಲು ರೇಗುತ್ತಿದ್ದರು. ಆಮೇಲೆ ಬೆರಳಲ್ಲೇ ದಾರಿ ತೋರಿಸುವುದನ್ನು ಕಲಿತರು. ಹೊಸದಾಗಿ ಮದುವೆಯಾದ ಜೋಡಿಯೊಂದು ಸಮುದ್ರದ ಹಲಗೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋಯಿತು. ಒಂದು ಚಮಚವನ್ನೂ ಕೊಳ್ಳಲಿಲ್ಲ ಎಂದು ಮಾವ ಇಂದಿಗೂ ಹೇಳುತ್ತಾರೆ.

ಮೊನ್ನೆ ನಾನು ಅಲ್ಲಿದ್ದಾಗ ಒಬ್ಬ ಹಿರಿಯರು ಮೊಮ್ಮಗಳ ಕೈ ಹಿಡಿದು ಬಂದು, “ಹಂಪಿ ಎಕ್ಸ್‌ಪ್ರೆಸ್ ಎಷ್ಟು ಹೊತ್ತಿಗೆ ಬರುತ್ತದೆ ಸಾಹೇಬರೇ?” ಎಂದು ಕೇಳಿದರು. ಬೆರಳು ತೋರಿಸುತ್ತಾರೆ ಎಂದು ನಾನು ಕಾದೆ. ಸಾಹೇಬರೇ ಎಂಬ ಮಾತು ಏನು ಮಾಡಿತೋ, ಮಾವ ಕನ್ನಡಕ ಸರಿಪಡಿಸಿಕೊಂಡು ಗೋಡೆಯ ಗಡಿಯಾರವನ್ನು ನೋಡಿದರು.

“ಇನ್ನೂ ಸಮಯವಿದೆ. ಕುಳಿತುಕೊಳ್ಳಿ.”

ಅವರು ಕುಳಿತರು. ಕುಳಿತವರು ಸುಮ್ಮನೆ ಕೂರಲಾಗದೆ ಮೊಮ್ಮಗಳಿಗೆ ಒಂದು ಊಟದ ಡಬ್ಬಿ, ಮನೆಗೊಂದು ಒಗ್ಗರಣೆ ಸೌಟು ಕೊಂಡರು. ಚೌಕಾಸಿ ಮಾಡಲೇ ಇಲ್ಲ. ಸಾಹೇಬರ ಹತ್ತಿರ ಯಾರು ಚೌಕಾಸಿ ಮಾಡುತ್ತಾರೆ? ಅವರು ಅತ್ತ ಹೋಗುತ್ತಲೇ ಮಾವ ಅಂಗಡಿಯ ಮುಂದಿನ ಜಾಗವನ್ನು ಹೆಜ್ಜೆ ಹಾಕಿ ಅಳೆದರು. ಎರಡು ಕಲ್ಲು ಬೆಂಚು ಸಲೀಸಾಗಿ ಹಿಡಿಯುತ್ತವೆಯಂತೆ. ಪೇಂಟರಿಗೆ ಫೋನ್ ಮಾಡಿ, ‘ನಿರೀಕ್ಷಣಾ ಕೊಠಡಿ’ ಎಂದು ಬರೆಯಲು ಎಷ್ಟಾಗುತ್ತದೆ, ಕ್ಷ ಮತ್ತು ಠ ಇರುವುದರಿಂದ ಹೆಚ್ಚು ಕೇಳಬಾರದು ಎಂದು ಮಾತಾಡುತ್ತಿದ್ದರು.